ಬದು, ಮಣ್ಣುಗೋಡೆ, ಬೆಂಡುಕಡ್ಡಿ: ಒಂಟಿ ಜೇನುಗಳ ಮನೆವಾರ್ತೆ

ಒಂಟಿ ಜೇನುಗಳಲ್ಲಿ ರಾಣಿಯೂ ಇಲ್ಲ, ಆಳೂ ಇಲ್ಲ, ಕೂಡಿಟ್ಟ ತುಪ್ಪವೂ ಇಲ್ಲ. ಗೂಡಿಗೆ ಜಾಗ ಹುಡುಕುವುದು, ತೋಡುವುದು, ಪರಾಗ ತರುವುದು, ಮೊಟ್ಟೆ ಇಡುವುದು, ಬಾಗಿಲು ಮುಚ್ಚುವುದು ಎಲ್ಲವೂ ಒಂದೇ ಹೆಣ್ಣಿನ ದುಡಿಮೆ. ಜಗತ್ತಿನಲ್ಲಿ ಈವರೆಗೆ ಹೆಸರಿಸಿರುವ ಜೇನು ಪ್ರಭೇದಗಳು 20,000ಕ್ಕೂ ಹೆಚ್ಚು. ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನುಗಳ ಹಾಗೆ ದೊಡ್ಡ ಸಂಸಾರ ಕಟ್ಟಿಕೊಂಡು ತುಪ್ಪ ಕೂಡಿಡುವವು ಅದರಲ್ಲಿ ಸಣ್ಣ ಪಾಲು. ಉಳಿದವುಗಳಲ್ಲಿ ಬಹುಪಾಲು ಒಂಟಿಯಾಗಿಯೇ ಬಾಳುತ್ತವೆ. ಭಾರತದಲ್ಲಿ ದಾಖಲಾಗಿರುವ ಜೇನು ಪ್ರಭೇದಗಳು 700ಕ್ಕೂ ಹೆಚ್ಚು. ಸಿ.ಟಿ. ಬಿಂಗಮ್ ಎಂಬ ಸೇನಾಧಿಕಾರಿ 1897ರಲ್ಲಿ ಪ್ರಕಟಿಸಿದ ಕಣಜ ಮತ್ತು ಜೇನುಗಳ ಸಂಪುಟವನ್ನು ಕೀಟತಜ್ಞರು ಇಂದಿಗೂ ತಿರುವಿ ಹಾಕುತ್ತಾರೆ.

ಇವುಗಳ ಬದುಕು ಚಿಕ್ಕದು. ಗೂಡಿನಿಂದ ಹೊರಬಂದ ಹೆಣ್ಣು ಗಂಡಿನೊಡನೆ ಕೂಡಿದ ಬಳಿಕ ಕೆಲವು ವಾರ ಮಾತ್ರ ಬದುಕುತ್ತದೆ. ಅಷ್ಟರಲ್ಲಿ ಅದು ಒಂದೊಂದಾಗಿ ಕೋಣೆ ಕಟ್ಟಬೇಕು. ಪ್ರತಿ ಕೋಣೆಯಲ್ಲೂ ಪರಾಗ ಮತ್ತು ಮಕರಂದ ಕಲಸಿದ ಉಂಡೆಯೊಂದನ್ನು ಇಟ್ಟು, ಅದರ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತದೆ. ಮರಿಗೆ ಬೇಕಾದ ಬುತ್ತಿಯೆಲ್ಲ ಆ ಕೋಣೆಯಲ್ಲೇ ಇರುತ್ತದೆ; ತಾಯಿ ಮತ್ತೆ ಬಾಗಿಲು ತೆಗೆದು ಉಣಿಸುವುದಿಲ್ಲ. ಹವೆ ಚೆನ್ನಾಗಿದ್ದು ಹೂವು ಹತ್ತಿರವಿದ್ದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕೋಣೆ ಮುಗಿಯುತ್ತದೆ. ಜೀವಮಾನದ ಸಂತಾನ ಎಷ್ಟೋ ಪ್ರಭೇದಗಳಲ್ಲಿ ಹತ್ತಿಪ್ಪತ್ತನ್ನು ದಾಟುವುದಿಲ್ಲ. ಹೆಜ್ಜೇನಿನ ರಾಣಿ ಸಾವಿರಗಟ್ಟಲೆ ಮೊಟ್ಟೆ ಇಡುವುದನ್ನು ನೆನೆದರೆ ಒಂಟಿ ಜೇನಿಗೆ ಒಂದು ಗೂಡು ಹಾಳಾಗುವುದು ಎಷ್ಟು ದೊಡ್ಡ ನಷ್ಟವೆಂಬುದು ತಿಳಿಯುತ್ತದೆ. ಹೂವಿದ್ದರೆ ಸಾಲದು, ಹೂವಿನ ಹತ್ತಿರವೇ ಗೂಡಿಗೆ ತಕ್ಕ ಜಾಗವೂ ಬೇಕು. ಸಣ್ಣ ಮೈಯ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರ್‌ಗಿಂತ ದೂರ ಹೋಗಿ ಪರಾಗ ತರಲಾರವು.

ಕಾಯುವುದಕ್ಕೆ ತುಪ್ಪದ ಭಂಡಾರ ಇಲ್ಲವಾದ್ದರಿಂದ ಇವು ಮನುಷ್ಯರ ಮೇಲೆ ಎರಗುವುದಿಲ್ಲ. ಗಂಡಿಗೆ ಮುಳ್ಳೇ ಇಲ್ಲ. ಹೆಣ್ಣು ಕೂಡ ಕೈಯಲ್ಲಿ ಹಿಡಿದು ಅದುಮಿದರೆ ಮಾತ್ರ ಚುಚ್ಚೀತು.

ಕೆಮ್ಮಣ್ಣು, ಎರೆಮಣ್ಣು

ಬೀದರ್ ಜಿಲ್ಲೆಯಲ್ಲಿ ಗೂಡಿನ ಕಥೆ ಮಣ್ಣಿನಿಂದಲೇ ಶುರುವಾಗುತ್ತದೆ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಇಲ್ಲಿಯ ಕೆಂಪು ನೆಲ ನೀರನ್ನು ಹಿಡಿದಿಡದೆ ಬಸಿದು ಬಿಡುತ್ತದೆ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಕೋಟೆಯ ಕಂದಕಗಳನ್ನು ಕಡಿಸಿದ್ದೂ ನೆಲದಡಿಯ ಕಾಲುವೆಗಳನ್ನು ಕೊರೆಸಿದ್ದೂ ಇದೇ ಜಂಬಿಟ್ಟಿಗೆಯಲ್ಲಿ. ಭಾಲ್ಕಿ ಮತ್ತು ಔರಾದ್ ಕಡೆಗೆ ಇಳಿದರೆ ಕಪ್ಪು ಕಲ್ಲಿನಿಂದ ಹುಟ್ಟಿದ ಎರೆಭೂಮಿಯೇ ಹೆಚ್ಚು. ಎರೆ ಬೇಸಿಗೆಯಲ್ಲಿ ಬಾಯಿ ಬಿಟ್ಟು ಸೀಳುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಹೀಗೆ ಕುಗ್ಗಿ ಹಿಗ್ಗುವ ನೆಲದಲ್ಲಿ ಸುರಂಗ ಉಳಿಯುವುದು ಕಷ್ಟ. ಆದ್ದರಿಂದ ಎರೆ ಸೀಮೆಯಲ್ಲಿ ಹೊಲದ ನಡುವಿಗಿಂತ ಬದು, ಗಾಡಿದಾರಿಯ ಅಂಚು, ಗರಸು ಬಿದ್ದ ದಿಬ್ಬ, ಹಳ್ಳದ ದರೆ, ಮಾಂಜ್ರಾ ನದಿಯ ದಂಡೆಗಳು ನೆಲದ ಜೇನುಗಳಿಗೆ ಹೆಚ್ಚು ಒಗ್ಗುತ್ತವೆ.

ಇದೇ ಜಿಲ್ಲೆಯ ಎಕಂಬಾದಂಥ ಹಳ್ಳಿಗಳಲ್ಲಿ ಇವೆಲ್ಲದರ ಜೊತೆಗೆ ಇನ್ನೂ ಕೆಲವು ಜಾಗಗಳಿವೆ. ಮಾಳಿಗೆ ಮನೆಗಳ ಮಣ್ಣಿನ ಗೋಡೆ, ಜಂತಿ ತೊಲೆಗಳು, ದನದ ಕೊಟ್ಟಿಗೆಯ ಬಿದಿರು, ಬೇಲಿಯ ಒಣಕಡ್ಡಿ, ಹಿತ್ತಿಲಲ್ಲಿ ಒಟ್ಟಿದ ತೊಗರಿ ಕಟ್ಟಿಗೆ ಇವೇ ಅವು. ಕೆಲಸಕ್ಕೆ ಬಾರದ್ದೆಂದು ಜನ ಬಿಟ್ಟ ಇಂಥ ಜಾಗಗಳನ್ನೇ ಒಂಟಿ ಜೇನುಗಳು ಆರಿಸಿಕೊಳ್ಳುತ್ತವೆ. ಗೂಡಿನ ಬಗೆಯನ್ನು ನೋಡಿ ಇವುಗಳನ್ನು ಮೂರು ಗುಂಪು ಮಾಡಬಹುದು: ಮಣ್ಣು ತೋಡುವವು, ಮರ ಅಥವಾ ಬೆಂಡು ಕೊರೆಯುವವು, ಸಿದ್ಧವಾಗಿ ಸಿಕ್ಕ ತೂತಿನಲ್ಲಿ ಬಿಡಾರ ಹೂಡುವವು.

ಮಣ್ಣು ತೋಡುವವು

ಜಗತ್ತಿನ ಜೇನು ಪ್ರಭೇದಗಳಲ್ಲಿ ಸುಮಾರು ಶೇ 70ರಷ್ಟು ನೆಲದೊಳಗೆ ಗೂಡು ಮಾಡುತ್ತವೆ. ದಖ್ಖನ್ ಬಯಲಿನಲ್ಲಿ ಎದ್ದು ಕಾಣುವುದು ನೀಲಿಪಟ್ಟೆ ಜೇನು. ಎದೆಯ ಮೇಲೆ ಕಂದು ತುಪ್ಪಳ, ಕಪ್ಪು ಹೊಟ್ಟೆಯ ಸುತ್ತ ಹೊಳೆಯುವ ನೀಲಿ ಪಟ್ಟೆಗಳು. ಉದ್ದ ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ತುಳಸಿ, ಬದನೆ, ತುಂಬೆ ಹೂಗಳ ಮುಂದೆ ಗಾಳಿಯಲ್ಲೇ ನಿಂತು ಗುಂಯ್‌ಗುಡುತ್ತ, ಒಂದು ಹೂವಿನಿಂದ ಇನ್ನೊಂದಕ್ಕೆ ಚಂಗನೆ ಹಾರುತ್ತದೆ.

ಇದು ನೆಲವನ್ನಷ್ಟೇ ಅಲ್ಲ, ಮಣ್ಣಿನ ಗೋಡೆ, ಹಸಿ ಇಟ್ಟಿಗೆ, ಕಲ್ಲುಗಳ ನಡುವೆ ಮೆತ್ತಗಾದ ಗಾರೆಯನ್ನೂ ತೋಡುತ್ತದೆ. ಮಳೆ ನೇರವಾಗಿ ಹೊಡೆಯದ, ಬಿಸಿಲು ತಾಕುವ ಗೋಡೆ ಇದಕ್ಕೆ ಇಷ್ಟ. ಹೆಣ್ಣು ದವಡೆಯಿಂದ ಮಣ್ಣು ಕೆರೆದು, ಕಾಲಿನಿಂದ ಹಿಂದಕ್ಕೆ ತಳ್ಳುತ್ತ ಒಳಗೆ ಹೋಗುತ್ತದೆ. ಗೋಡೆಯ ಬುಡದಲ್ಲಿ ಸಣ್ಣ ಪುಡಿ ಬೀಳುವುದೇ ಅದರ ಸುಳಿವು. ಪರಾಗ ಹೊತ್ತು ಮರಳಿದ ಹೆಣ್ಣು ತೂತಿನ ಮುಂದೆ ಎಡಕ್ಕೆ ಬಲಕ್ಕೆ ತೂಗಾಡಿ, ಗುರುತು ಹಿಡಿದ ಮೇಲೆಯೇ ಒಳಗೆ ನುಗ್ಗುತ್ತದೆ. ಬಾಗಿಲ ಬಳಿ ಇದ್ದ ಕಲ್ಲನ್ನೋ ಕಡ್ಡಿಯನ್ನೋ ಯಾರಾದರೂ ಸರಿಸಿದ್ದರೆ ಈ ತೂಗಾಟ ಬಹಳ ಹೊತ್ತು ನಡೆಯುತ್ತದೆ. ಸುರಂಗದ ಕೊನೆಯ ಕೋಣೆಗಳ ಒಳಮೈಗೆ ತನ್ನ ದೇಹದಿಂದ ಒಸರುವ ಮೇಣದಂಥ ದ್ರವವನ್ನು ಬಳಿಯುತ್ತದೆ. ಗೋಡೆಯ ತೇವವು ಬುತ್ತಿಗೆ ತಾಗದಂತೆ, ಬುತ್ತಿಯ ತೇವವು ಗೋಡೆಗೆ ಇಳಿಯದಂತೆ ಈ ಲೇಪ ತಡೆಯುತ್ತದೆ. ಒಂದೇ ಗೋಡೆಯಲ್ಲಿ ಹತ್ತಾರು ತೂತುಗಳಿದ್ದರೂ ಅದು ಕೂಡು ಕುಟುಂಬವಲ್ಲ. ನೆರೆಹೊರೆಯ ಬೇರೆ ಬೇರೆ ಮನೆಗಳು. ಗಂಡುಗಳಿಗೆ ಅಲ್ಲಿ ಜಾಗವಿಲ್ಲ. ಸಂಜೆಯಾದರೆ ಅವು ಒಣ ಹುಲ್ಲುಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ಜೋತು ನಿದ್ದೆ ಮಾಡುತ್ತವೆ.

ಬಯಲಿನಲ್ಲಿ ಇನ್ನೂ ಚಿಕ್ಕ ಜೇನುಗಳಿವೆ. ಬೆವರಿಗೆ ಬಂದು ಕೂರುವುದರಿಂದ ಬೆವರು ಜೇನು ಎನಿಸಿಕೊಂಡ ಈ ಬಳಗದವು ಗಟ್ಟಿ ಬರಿನೆಲದಲ್ಲಿ ನೆಟ್ಟಗೆ ಕೆಳಗಿಳಿಯುವ ಸುರಂಗ ತೋಡಿ, ಅದರ ಪಕ್ಕಕ್ಕೆ ಒಂದೊಂದು ಕೋಣೆ ಮಾಡುತ್ತವೆ. ಬಾಯಿಯ ಸುತ್ತ ಜರಡಿ ಹಿಡಿದಂಥ ನುಣ್ಣನೆ ಮಣ್ಣಿನ ಗುಪ್ಪೆ ಇರುತ್ತದೆ. ಜನ ಇದನ್ನು ಇರುವೆ ಗೂಡೆಂದುಕೊಂಡು ದಾಟಿ ಹೋಗುವುದೇ ಹೆಚ್ಚು. ಈ ಬಳಗದ ಕೆಲವು ಪ್ರಭೇದಗಳಲ್ಲಿ ಎರಡು ಮೂರು ಹೆಣ್ಣುಗಳು ಒಂದೇ ಬಾಗಿಲನ್ನು ಬಳಸುವುದೂ ಉಂಟು. ಒಂಟಿ ಬಾಳಿಗೂ ಕೂಡಿ ಬಾಳುವುದಕ್ಕೂ ನಡುವೆ ಹೀಗೆ ಹಲವು ಮೆಟ್ಟಿಲುಗಳಿವೆ.

ಮರ ಕೊರೆಯುವವು

ಬಡಗಿ ಜೇನು ಎಲ್ಲರಿಗೂ ಗೊತ್ತಿರುವ ದೊಡ್ಡ ಕಪ್ಪು ದುಂಬಿ. ರೆಕ್ಕೆಗಳಲ್ಲಿ ನೇರಳೆ, ಹಸಿರು ಮಿಂಚು. ದೊಡ್ಡ ಪ್ರಭೇದಗಳು ಮೂರು ಸೆಂಟಿಮೀಟರ್ ಮೀರುತ್ತವೆ. ಒಣಗಿದ ಕೊಂಬೆ, ಹಂದರದ ಕಂಬ, ಬಣ್ಣ ಕಾಣದ ಜಂತಿ, ಬಿದಿರು ಇವುಗಳಿಗೆ ಬೆರಳು ಹಿಡಿಸುವಷ್ಟು ದುಂಡನೆ ತೂತು ಕೊರೆದು, ಸ್ವಲ್ಪ ಒಳಗೆ ಹೋದ ಮೇಲೆ ಮರದ ಎಳೆಯ ಗುಂಟ ತಿರುಗುತ್ತದೆ. ಮರವನ್ನು ಇದು ತಿನ್ನುವುದಿಲ್ಲ. ಕೊರೆದ ಹೊಟ್ಟಿನಲ್ಲಿ ಬಹುಪಾಲು ಕೆಳಗೆ ಉದುರುತ್ತದೆ, ಸ್ವಲ್ಪ ಭಾಗ ಜೊಲ್ಲಿನಲ್ಲಿ ಕಲಸಿ ಕೋಣೆಗಳ ನಡುವಿನ ಅಡ್ಡಗೋಡೆಯಾಗುತ್ತದೆ. ಕೋಣೆಗಳು ಕೆಲವೇ ಕೆಲವು, ಮೊಟ್ಟೆ ಮಾತ್ರ ಬಲು ದೊಡ್ಡದು. ಕೀಟಲೋಕದ ಅತಿ ದೊಡ್ಡ ಮೊಟ್ಟೆಗಳಲ್ಲಿ ಬಡಗಿ ಜೇನಿನ ಮೊಟ್ಟೆಗಳೂ ಸೇರುತ್ತವೆ. ಹಳೆಯ ಸುರಂಗ ಸಿಕ್ಕರೆ ಅದನ್ನೇ ಗುಡಿಸಿ, ಉದ್ದ ಮಾಡಿ ಬಳಸುವುದರಿಂದ ಒಂದೇ ತೊಲೆಯಲ್ಲಿ ಹಲವು ತಲೆಮಾರು ಬಾಳುತ್ತವೆ. ಮನೆಯ ತೊಲೆಗೆ ಇದು ಬೇಡವೆನ್ನುವವರು ಮರಕ್ಕೆ ಎಣ್ಣೆ ಅಥವಾ ಬಣ್ಣ ಬಳಿದು, ಹತ್ತಿರದಲ್ಲಿ ಒಂದು ಒಣ ದಿಮ್ಮಿ ಇಟ್ಟರೆ ಸಾಕು.

ಇದರ ನೆಂಟ ಪುಟ್ಟ ಬಡಗಿ ಜೇನು ಇರುವೆಗಿಂತ ತುಸು ದೊಡ್ಡದು. ಮೈ ಹೊಳೆಯುವ ಹಸಿರು, ಇಲ್ಲವೇ ಕಪ್ಪಿನ ಮೇಲೆ ಹಳದಿ ಗೆರೆ. ಗಟ್ಟಿ ಮರ ಕೊರೆಯುವ ಬಲ ಇದಕ್ಕಿಲ್ಲ. ಒಳಗೆ ಮೆತ್ತನೆ ಬೆಂಡು ಇರುವ ಒಣಕಡ್ಡಿ ಬೇಕು, ಅದರ ತುದಿ ಮುರಿದು ಬೆಂಡು ಕಾಣುತ್ತಿರಬೇಕು. ದನ ಮೇಯ್ದ, ಕತ್ತರಿ ಹಾಕಿದ ಗಿಡಗಳ ಕೊನೆಗಳು ಹೀಗಾಗಿ ಇದಕ್ಕೆ ಒದಗುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು ಇಂಥ ಕಡ್ಡಿಗಳನ್ನು ಸೀಳಿ ಪುಟ್ಟ ಬಡಗಿ ಜೇನಿನ ಗೂಡು ಮತ್ತು ಜೀವನಚಕ್ರವನ್ನು ಅಭ್ಯಾಸ ಮಾಡಿದ್ದಾರೆ. ಒಂದರ ಹಿಂದೆ ಒಂದರಂತೆ ಕೋಣೆಗಳು, ನಡುವೆ ಬೆಂಡಿನ ಪುಡಿಯ ತಡಿಕೆ, ಬಾಗಿಲಲ್ಲಿ ಕಾವಲಿಗೆ ಕುಳಿತ ತಾಯಿ, ಇದು ಆ ಗೂಡಿನ ಸಾಮಾನ್ಯ ಚಿತ್ರ.

ಸಿಕ್ಕ ತೂತಿನ ಬಿಡಾರಗಳು

ಎಲೆಕತ್ತರಿ ಜೇನುಗಳು ತಾವಾಗಿ ಕೊರೆಯುವುದು ಅಪರೂಪ. ದುಂಬಿ ಬಿಟ್ಟ ತೂತು, ಬಿದಿರಿನ ಕೊಳವೆ, ಗೋಡೆಯ ಸಂದು, ಕಿಟಕಿ ಚೌಕಟ್ಟಿನ ಮೊಳೆತೂತು ಯಾವುದಾದರೂ ಆದೀತು. ಗುಲಾಬಿ, ಹೊಂಗೆ, ತೊಗರಿಯಂಥ ತೆಳು ಎಲೆಯ ಗಿಡಗಳ ಅಂಚಿನಲ್ಲಿ ಅಚ್ಚುಕಟ್ಟಾದ ಅರೆವೃತ್ತದ ಕಡಿತ ಕಂಡರೆ ಅದು ಇದರದೇ ಕೆಲಸ. ಹುಳು ತಿಂದ ಎಲೆ ಅಂಕುಡೊಂಕಾಗಿರುತ್ತದೆ, ಇದು ಕಡಿದದ್ದು ಅಳತೆ ಹಿಡಿದ ಹಾಗಿರುತ್ತದೆ. ಹೆಣ್ಣು ಎಲೆಯ ಅಂಚಿಗೆ ಕಾಲು ಕೊಟ್ಟು, ಮೈಯನ್ನೇ ಕೀಲಾಗಿಸಿಕೊಂಡು ದವಡೆಯಿಂದ ಬಾಗಾಗಿ ಕತ್ತರಿಸುತ್ತ ಹೋಗುತ್ತದೆ. ಕೆಲವೇ ಸೆಕೆಂಡಿನಲ್ಲಿ ತುಣುಕು ಕಳಚುತ್ತದೆ. ಕಳಚುವ ಕ್ಷಣದಲ್ಲಿ ರೆಕ್ಕೆ ಬಡಿದು, ತುಣುಕನ್ನು ಹೊಟ್ಟೆಯಡಿ ಮಡಚಿ ಹಿಡಿದು ಹಾರಿಬಿಡುತ್ತದೆ.

ಉದ್ದುದ್ದ ತುಣುಕುಗಳು ಕೋಣೆಯ ಪಕ್ಕಗಳಿಗೆ, ದುಂಡನೆಯವು ಮುಚ್ಚಳಕ್ಕೆ. ಒಂದು ಕೋಣೆಗೆ ಹತ್ತಕ್ಕೂ ಹೆಚ್ಚು ತುಣುಕು ಹಿಡಿಯುತ್ತವೆ. ಸುರುಳಿ ಸುತ್ತಿ ಮುಗಿದ ಕೋಣೆ ಮೊಂಡು ಬೀಡಿಯ ಹಾಗೆ ಕಾಣುತ್ತದೆ. ಅಂಥವು ಸಾಲಾಗಿ ಕೊಳವೆಯ ತುಂಬ ಕೂರುತ್ತವೆ. ಈ ಜೇನು ಪರಾಗವನ್ನು ಕಾಲಿನಲ್ಲಲ್ಲ, ಹೊಟ್ಟೆಯಡಿಯ ದಟ್ಟ ಕೂದಲಲ್ಲಿ ಒಣಪುಡಿಯಾಗಿ ಹೊರುತ್ತದೆ. ಹೂವಿಂದ ಹೂವಿಗೆ ಹೋದಾಗ ಆ ಪುಡಿ ಸುಲಭವಾಗಿ ಉದುರುವುದರಿಂದ ಪರಾಗಸ್ಪರ್ಶಕ್ಕೆ ಇದು ಬಲು ಅನುಕೂಲ.

ಸಾಲು ಕೋಣೆಗಳ ಗೂಡಿನಲ್ಲಿ ಒಂದು ಲೆಕ್ಕಾಚಾರವಿದೆ. ಜೇನುಗಳಲ್ಲಿ ಫಲಿತ ಮೊಟ್ಟೆಯಿಂದ ಹೆಣ್ಣು, ಫಲಿಸದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಯಾವ ಮೊಟ್ಟೆ ಎಲ್ಲಿ ಎಂಬುದು ತಾಯಿಯ ಕೈಯಲ್ಲಿದೆ. ಸಾಮಾನ್ಯವಾಗಿ ಒಳತುದಿಯ ಕೋಣೆಗಳಲ್ಲಿ ಹೆಣ್ಣು ಮೊಟ್ಟೆಗಳನ್ನೂ ಬಾಗಿಲ ಕಡೆ ಗಂಡು ಮೊಟ್ಟೆಗಳನ್ನೂ ಇಡುತ್ತದೆ. ಗಂಡುಗಳು ಬೇಗ ಬೆಳೆದು ಮೊದಲು ಹೊರಬೀಳುತ್ತವೆ, ಹೆಣ್ಣುಗಳ ದಾರಿ ಅಡ್ಡಿಯಿಲ್ಲದೆ ತೆರೆಯುತ್ತದೆ.

ಎಲೆಕತ್ತರಿ ಜೇನಿನ ಬಳಗದ ಕೆಲವು ಪ್ರಭೇದಗಳು ಎಲೆಯ ಬದಲು ಹಸಿಮಣ್ಣನ್ನೋ ಮರದ ಅಂಟನ್ನೋ ಬಳಸುತ್ತವೆ. ಭಾರತದಲ್ಲಿ ಎಲ್ಲೆಡೆ ಸಿಗುವ ಮೆಗಾಕೈಲ್ ಲನಾಟ ಎಂಬ ಕೆಂಗೂದಲಿನ ಜೇನು ಮನೆಯೊಳಗೇ ಬಂದು ಮಣ್ಣಿನ ಕೋಣೆ ಕಟ್ಟುತ್ತದೆ. ಬಂದೂಕಿನ ನಳಿಗೆಯಲ್ಲೂ ತೆರೆದಿಟ್ಟ ಪುಸ್ತಕದ ಬೆನ್ನಿನ ಪೊಳ್ಳಿನಲ್ಲೂ ಅದು ಗೂಡು ಮಾಡಿದ್ದನ್ನು 19ನೇ ಶತಮಾನದಲ್ಲಿ ಉತ್ತರ ಭಾರತದಲ್ಲಿದ್ದ ಚಾರ್ಲ್ಸ್ ಹಾರ್ನ್ ಬರೆದಿಟ್ಟಿದ್ದಾರೆ. ಆದರೆ ಗೋಡೆಯ ಮೇಲೆ, ಬಾಗಿಲ ಮೂಲೆಯಲ್ಲಿ ಉಬ್ಬಿ ಕಾಣುವ ಮಣ್ಣಿನ ಮಡಕೆಗಳೆಲ್ಲ ಜೇನಿನವಲ್ಲ. ಅವುಗಳಲ್ಲಿ ಹೆಚ್ಚಿನವು ಕುಂಬಾರ ಹುಳುವಿನಂಥ ಕಣಜಗಳವು. ಒಡೆದಾಗ ಒಳಗೆ ಜೇಡ, ಕಂಬಳಿಹುಳು ಸಿಕ್ಕರೆ ಕಣಜದ ಗೂಡು. ಹಳದಿ ಪರಾಗ ಸಿಕ್ಕರೆ ಜೇನಿನದು.

ಗೂಡಿನ ಕಳ್ಳರು

ಇಷ್ಟು ದುಡಿದು ಕಟ್ಟಿದ ಗೂಡಿಗೆ ಕನ್ನ ಹಾಕುವವರೂ ಇದ್ದಾರೆ. ಕೋಗಿಲೆಯ ಹಾಗೆ ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುವ ಜೇನುಗಳಿಗೆ ಕೋಗಿಲೆ ಜೇನು ಎಂದೇ ಹೆಸರು. ಕಪ್ಪು ಮೈಯ ಮೇಲೆ ತಿಳಿನೀಲಿ ಚುಕ್ಕೆಗಳಿರುವ ಥೈರಿಯಸ್ ಜೇನು ನೀಲಿಪಟ್ಟೆ ಜೇನಿನ ಗೋಡೆಯ ಬಳಿ ಸುಳಿದಾಡಿ, ಒಡತಿ ಪರಾಗಕ್ಕೆ ಹೋದ ಹೊತ್ತು ನೋಡಿ ಒಳಹೊಕ್ಕು ಮೊಟ್ಟೆ ಇಟ್ಟು ಬರುತ್ತದೆ. ಚೂಪು ಹೊಟ್ಟೆಯ ಇನ್ನೊಂದು ಬಗೆಯ ಕೋಗಿಲೆ ಜೇನು ಎಲೆಕತ್ತರಿ ಜೇನಿನ ಗೂಡಿಗೆ ಹೀಗೆಯೇ ಗಂಟು ಬೀಳುತ್ತದೆ. ಕಳ್ಳಮರಿ ಮನೆಮರಿಯನ್ನು ಕೊಂದು ಅದರ ಬುತ್ತಿಯನ್ನು ಉಣ್ಣುತ್ತದೆ. ಪರಾಗ ತರಬೇಕಾದ ಕೆಲಸವೇ ಇಲ್ಲದ ಈ ಜೇನುಗಳ ಕಾಲಿನಲ್ಲಿ ಪರಾಗ ಹೊರುವ ಕೂದಲೂ ಇಲ್ಲ. ಇವು ಕಂಡವೆಂದರೆ ಗಾಬರಿ ಬೇಡ. ಹತ್ತಿರದಲ್ಲಿ ಒಂಟಿ ಜೇನುಗಳ ಸಂತತಿ ಚೆನ್ನಾಗಿದೆ ಎಂದೇ ಅರ್ಥ.

ಊರಿನಲ್ಲಿ, ಅಡವಿಯಲ್ಲಿ

ಬೀದರ್ ಸುತ್ತಿನ ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯದಂಥ ಒಣ ಕುರುಚಲು ಕಾಡಿನಲ್ಲಿ ಗೂಡಿನ ಸಾಮಗ್ರಿಗೆ ಬರವಿಲ್ಲ. ಬಿದ್ದ ಕೊಂಬೆ, ಹುಳು ಕೊರೆದ ಒಣಮರ, ಮಳೆನೀರು ಕಡಿದ ದರೆ, ಹುಲ್ಲಿಲ್ಲದ ಕೆಂಪು ನೆಲ ಎಲ್ಲವೂ ಅಲ್ಲಿವೆ. ಅಲ್ಲಿಯ ತೊಂದರೆ ಬೇರೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಬೆಂಡುಕಡ್ಡಿ ಮತ್ತು ಒಣಮರದ ಗೂಡುಗಳು ಮೊದಲು ಸುಡುತ್ತವೆ, ನೆಲದೊಳಗಿನವು ಬಹುಮಟ್ಟಿಗೆ ಉಳಿಯುತ್ತವೆ.

ನಗರದಲ್ಲಿ ಲೆಕ್ಕ ತಿರುಗುಮುರುಗು. ಬೇರೆ ಬೇರೆ ದೇಶಗಳ ನಗರಗಳಲ್ಲಿ ನಡೆದ ಅಧ್ಯಯನಗಳು ಸಾಮಾನ್ಯವಾಗಿ ಹೇಳುವುದು ಒಂದೇ: ತೂತುಗಳಲ್ಲಿ ಗೂಡು ಕಟ್ಟುವ ಜೇನುಗಳು ಊರಿಗೆ ಹೊಂದಿಕೊಳ್ಳುತ್ತವೆ, ನೆಲ ತೋಡುವವು ಸೋಲುತ್ತವೆ. ಗೋಡೆ, ಕಿಟಕಿ, ಕಂಬಗಳಲ್ಲಿ ತೂತಿಗೆ ಕೊರತೆಯಿಲ್ಲ. ಕೈತೋಟಗಳಲ್ಲಿ ವರ್ಷವಿಡೀ ಹೂವೂ ಇರುತ್ತದೆ. ಆದರೆ ಅಂಗಳಕ್ಕೆ ಕಾಂಕ್ರೀಟ್, ಬೀದಿಯ ಅಂಚಿಗೆ ಸಿಮೆಂಟ್ ಕಲ್ಲು ಹಾಸಿದ ಮೇಲೆ ಬರಿಮಣ್ಣು ಉಳಿಯುವುದಿಲ್ಲ. ಬೀದರ್‌ಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಕೋಟೆಯ ಒಳಗಿನ ಬಯಲು, ಅಷ್ಟೂರಿನ ಬಹಮನಿ ಗೋರಿಗಳ ಸುತ್ತಲಿನ ತೆರೆದ ನೆಲ, ಹಳೆಯ ಊರಿನ ಕಲ್ಲು ಮಣ್ಣಿನ ಗೋಡೆಗಳು ನಗರಕ್ಕೆ ಅಂಟಿಕೊಂಡೇ ಇವೆ. ಜಂಬಿಟ್ಟಿಗೆ ಕಲ್ಲಿನ ಮೈಯೇ ಸಹಜವಾಗಿ ಸಣ್ಣ ದೊಡ್ಡ ರಂಧ್ರಗಳಿಂದ ತುಂಬಿರುತ್ತದೆ; ಸಿದ್ಧ ತೂತು ಹುಡುಕುವ ಜೇನುಗಳಿಗೆ ಅಂಥ ಗೋಡೆಯಲ್ಲಿ ಆಯ್ಕೆ ವಿಪುಲ.

ಹಳ್ಳಿಗಳಲ್ಲಿ ಬದಲಾವಣೆ ವೇಗವಾಗಿದೆ. ಮಾಳಿಗೆ ಮನೆ ಹೋಗಿ ಆರ್‌ಸಿಸಿ ಬಂದಲ್ಲಿ ಮಣ್ಣುಗೋಡೆಯೂ ಜಂತಿಯೂ ಒಟ್ಟಿಗೆ ಹೋಗುತ್ತವೆ. ಜೆಸಿಬಿಯಿಂದ ಬದು ಸವರಿ ಹೊಲ ದೊಡ್ಡದು ಮಾಡಿದಾಗ, ಟ್ರ್ಯಾಕ್ಟರ್ ನೇಗಿಲು ಆಳಕ್ಕೆ ಇಳಿದಾಗ, ಕಬ್ಬಿನ ರವದಿಗೆ ಬೆಂಕಿ ಇಟ್ಟಾಗ, ಕಳೆನಾಶಕ ಹೊಡೆದು ಬದುವಿನ ಹೂಗಿಡಗಳನ್ನು ಸುಟ್ಟಾಗ ಗೂಡೋ ಬುತ್ತಿಯೋ ಎರಡರಲ್ಲಿ ಒಂದು ನಾಶವಾಗುತ್ತದೆ. ಕೆಲವು ಪ್ರಭೇದಗಳ ಕೋಣೆಗಳು ನೆಲದಿಂದ ಒಂದು ಗೇಣಿನೊಳಗೇ ಇರುವುದರಿಂದ ಒಂದು ಸಾಲು ಉಳುಮೆಯೇ ಅವುಗಳ ಮುಂದಿನ ಪೀಳಿಗೆಯನ್ನು ಮುಗಿಸಬಲ್ಲದು.

ತೊಗರಿ ಹೊಲಕ್ಕೂ ಗೂಡಿಗೂ ನಂಟು

ಮುಂಗಾರಿನಲ್ಲಿ ಬಿತ್ತಿದ ತೊಗರಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಹಳದಿ ಹೂವು ಬಿಡುತ್ತದೆ. ಹೂವಿನ ಕೇಸರಗಳು ದೋಣಿಯಾಕಾರದ ಎಸಳಿನೊಳಗೆ ಅಡಗಿರುತ್ತವೆ. ಅದನ್ನು ಅದುಮಿ ತೆರೆಯಲು ತೂಕ ಮತ್ತು ಬಲ ಎರಡೂ ಬೇಕು. ಎಲೆಕತ್ತರಿ ಜೇನು, ಬಡಗಿ ಜೇನು ಮತ್ತು ಹೆಜ್ಜೇನುಗಳಿಗೆ ಅದು ಸಾಧ್ಯ. ತೊಗರಿಯಲ್ಲಿ ಪರಾಗ ಮೊಗ್ಗಿನಲ್ಲೇ ಉದುರಿ ಸ್ವಕೀಯ ಪರಾಗಸ್ಪರ್ಶ ನಡೆಯಬಲ್ಲದು. ಆದರೂ ಜೇನುಗಳಿಂದ ಗಿಡದಿಂದ ಗಿಡಕ್ಕೆ ಪರಾಗ ದಾಟುವುದು ಬೇರೆ ಬೇಳೆಕಾಳುಗಳಿಗಿಂತ ತೊಗರಿಯಲ್ಲಿ ಹೆಚ್ಚು.

ಹೈದರಾಬಾದ್ ದಾರಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಈ ಗುಣವನ್ನೇ ಬಳಸಿಕೊಂಡಿತು. ಅಲ್ಲಿಂದ ಬಂದ ಐಸಿಪಿಎಚ್ 8 ಎಂಬ ಸಂಕರ ತೊಗರಿ 1991ರಲ್ಲೂ ಐಸಿಪಿಎಚ್ 2671 ಎಂಬುದು 2010ರಲ್ಲೂ ಬಿಡುಗಡೆಯಾದವು. ಸಂಕರ ಬೀಜ ತಯಾರಿಯಲ್ಲಿ ಹೆಣ್ಣು ಸಾಲಿನ ಗಿಡಗಳಿಗೆ ಫಲವತ್ತಾದ ಪರಾಗವೇ ಇರುವುದಿಲ್ಲ. ಪಕ್ಕದ ಗಂಡು ಸಾಲಿನಿಂದ ಜೇನು ಹೊತ್ತು ತಂದರೆ ಮಾತ್ರ ಕಾಯಿ ಕಟ್ಟುತ್ತದೆ. ಬದನೆ, ಟೊಮೆಟೊಗಳಲ್ಲಿ ಇನ್ನೊಂದು ಬಗೆ. ಬದನೆಯ ಪರಾಗಕೋಶ ತುದಿಯ ಸಣ್ಣ ರಂಧ್ರದಿಂದಷ್ಟೇ ಪರಾಗ ಬಿಡುತ್ತದೆ. ನೀಲಿಪಟ್ಟೆ ಜೇನು, ಬಡಗಿ ಜೇನುಗಳು ಹೂವನ್ನು ಹಿಡಿದು ಎದೆಯ ಸ್ನಾಯು ನಡುಗಿಸಿ ಪರಾಗವನ್ನು ಉದುರಿಸುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಬಾರದು.

ಗೂಡಿಗೆ ಜಾಗ ಕೊಟ್ಟು ಬೆಳೆಗೆ ಜೇನು ಪಡೆಯುವ ರೂಢಿ ಹೊರದೇಶಗಳಲ್ಲಿ ಹಳೆಯದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕುದುರೆಮೆಂತ್ಯ ಬೀಜ ಬೆಳೆಯುವ ರೈತರು ನೆಲ ತೋಡುವ ಜೇನಿಗಾಗಿ ಹೊಲದ ಪಕ್ಕದಲ್ಲೇ ಬರಿಮಣ್ಣಿನ ಮಡಿಗಳನ್ನು ಕಾಪಾಡುತ್ತಾರೆ. ಅದೇ ಬೆಳೆಗೆ ಉತ್ತರ ಅಮೆರಿಕದಲ್ಲಿ ಎಲೆಕತ್ತರಿ ಜೇನನ್ನು ತೂತು ಹಲಗೆಗಳಲ್ಲಿ ಸಾಕುವ ದೊಡ್ಡ ಉದ್ಯಮವೇ ಇದೆ. ಜಪಾನಿನ ಸೇಬು ತೋಟಗಳಲ್ಲಿ ಗೂಡಿಗೆ ಮಣ್ಣು ಮೆತ್ತುವ ಗಾರೆ ಜೇನನ್ನು ಜೊಂಡಿನ ಕೊಳವೆಗಳಲ್ಲಿ ಸಾಕುತ್ತಾರೆ.

ಗೂಡಿಗೆ ಬೇಕಾದ್ದು

ಬೀದರ್ ಸೀಮೆಯಲ್ಲಿ ಇದಕ್ಕೆ ಖರ್ಚಿನ ಅಗತ್ಯವಿಲ್ಲ. ಹೊಲದ ಒಂದೆರಡು ಬದುಗಳನ್ನು ಅಗೆಯದೆ, ಕಳೆನಾಶಕ ಹೊಡೆಯದೆ ಬಿಡುವುದು ಮೊದಲ ಕೆಲಸ. ಅದರ ಮೇಲೆ ತುಂಬೆ, ತಂಗಟೆ ಗಿಡಗಳಿದ್ದರೆ ತೊಗರಿ ಹೂವು ಇಲ್ಲದ ದಿನಗಳಲ್ಲೂ ಬುತ್ತಿ ಸಿಗುತ್ತದೆ. ಬಿಸಿಲು ಬೀಳುವ, ನೀರು ನಿಲ್ಲದ ಒಂದು ಚೌಕ ಬರಿನೆಲ ಸಾಕು, ಬೆವರು ಜೇನು ತಾನಾಗಿ ಬರುತ್ತದೆ. ಬಿದ್ದ ಮಣ್ಣುಗೋಡೆಯ ತುಂಡೊಂದನ್ನು ಹಿತ್ತಿಲಲ್ಲಿ ಉಳಿಸಿದರೆ ನೀಲಿಪಟ್ಟೆ ಜೇನಿಗೆ ನೆಲೆ.

ತೂತು ಹುಡುಕುವ ಜೇನುಗಳಿಗೆ ಬಿದಿರು ಕೊಳವೆಗಳ ಕಟ್ಟು ಒದಗಿಸಬಹುದು. ಒಳರಂಧ್ರ 4ರಿಂದ 10 ಮಿಲಿಮೀಟರ್ ಅಗಲ, ಸುಮಾರು 15 ಸೆಂಟಿಮೀಟರ್ ಉದ್ದ ಇರಬೇಕು, ಹಿಂದಿನ ತುದಿ ಗೆಣ್ಣಿನಿಂದ ಮುಚ್ಚಿರಬೇಕು. ಮುಂಜಾನೆ ಬಿಸಿಲು ತಾಕುವ, ಮಳೆ ತಾಗದ ಸೂರಿನಡಿ ಅಲುಗದಂತೆ ಕಟ್ಟಬೇಕು. ಒಂದೇ ದೊಡ್ಡ ಕಟ್ಟಿಗಿಂತ ಅಲ್ಲಲ್ಲಿ ಚಿಕ್ಕ ಕಟ್ಟುಗಳು ಲೇಸು. ದಟ್ಟವಾಗಿ ಸೇರಿದ ಗೂಡುಗಳಿಗೆ ನುಸಿ, ಬೂಷ್ಟು, ಕಳ್ಳಜೇನುಗಳ ಕಾಟ ಹೆಚ್ಚು; ಮರಿಗಳು ಹೊರಬಂದ ಹಳೆಯ ಕೊಳವೆಗಳನ್ನು ತೆಗೆದು ಹೊಸವನ್ನು ಇಡಬೇಕು. ಗಿಡಗಳಿಗೆ ಕತ್ತರಿ ಹಾಕಿದಾಗ ಬೆಂಡುಕಡ್ಡಿಗಳನ್ನು ಸುಡದೆ ಬೇಲಿಯಲ್ಲೇ ನೆಟ್ಟಗೆ ಸಿಕ್ಕಿಸಿದರೆ ಪುಟ್ಟ ಬಡಗಿ ಜೇನಿಗೂ ಮನೆಯಾಗುತ್ತದೆ.

ಉಳಿದದ್ದು ಔಷಧಿ ಹೊಡೆಯುವ ಹೊತ್ತು. ತೊಗರಿ ಹೂವಾಡುವಾಗಲೇ ಕಾಯಿಕೊರಕದ ಕಾಟವೂ ಶುರುವಾಗುವುದರಿಂದ ಸಿಂಪಡಣೆ ತಪ್ಪದು. ಬಿಸಿಲೇರಿದ ಹೊತ್ತು ಜೇನುಗಳು ಹೂವಿನ ಮೇಲೇ ಇರುತ್ತವೆ. ಸಂಜೆ, ಹೆಣ್ಣು ಜೇನುಗಳು ಗೂಡು ಸೇರಿದ ಮೇಲೆ ಹೊಡೆದರೆ, ಬದುವಿನ ಕಡೆಗೆ ಹನಿ ತೂರದಂತೆ ನೋಡಿಕೊಂಡರೆ ಹಾನಿ ಬಹಳ ಕಡಿಮೆಯಾಗುತ್ತದೆ. ಹುಳುವಿನ ಸಂಖ್ಯೆ ನೋಡದೆ ವಾಡಿಕೆಗೆ ಹೊಡೆಯುವ ಸಿಂಪಡಣೆಯನ್ನು ಬಿಟ್ಟರೆ ಜೇನೂ ಉಳಿಯುತ್ತದೆ, ಖರ್ಚೂ ಉಳಿಯುತ್ತದೆ.